ಹನ್ನೆರಡನೇ ಕಿಲೋಮೀಟರಿನಲ್ಲಿ ನಿಂತುಹೋಗುತ್ತಿದ್ದ ಅತ್ತಿಗೆ

2024ರ ಜುಲೈ, ಒಂದು ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಮ್ಮ ಅತ್ತಿಗೆ ಓಟ ನಿಲ್ಲಿಸಿ, ಎರಡೂ ಕೈ ಮಂಡಿಗೆ ಊರಿ ಬಗ್ಗಿ ನಿಂತರು. ನನ್ನ ಗಡಿಯಾರದಲ್ಲಿ 11.6 ಕಿಲೋಮೀಟರ್ ಆಗಿತ್ತು. ಹಿಂದಿನ ವಾರ 11.9ಕ್ಕೆ ನಿಂತಿದ್ದರು, ಅದರ ಹಿಂದಿನ ವಾರ 12.1ಕ್ಕೆ. ಕಾಲು ನೋವಿಲ್ಲ, ಹಿಮ್ಮಡಿ ನೋವಿಲ್ಲ, ಮಂಡಿಯೂ ಸರಿಯಾಗೇ ಇದೆ. “ಒಳಗೆ ಯಾರೋ ಮೇನ್ ಸ್ವಿಚ್ ಆಫ್ ಮಾಡಿದ ಹಾಗಾಗುತ್ತೆ ಕಣೇ, ಅಷ್ಟೇ” ಅಂದರು. ಡಿಸೆಂಬರಿನ ಹಾಫ್ ಮ್ಯಾರಥಾನಿಗೆ ಆಗಲೇ ಹಣ ಕಟ್ಟಿಯಾಗಿತ್ತು.

ಈ ಪ್ರಕರಣವನ್ನು ವಿವರವಾಗಿ ಬರೆದಿಡುತ್ತಿರುವುದಕ್ಕೆ ಕಾರಣವಿದೆ. ಅವರ ಸುತ್ತ ಇದ್ದ ನಾವೆಲ್ಲರೂ ಆರು ವಾರ ಅದನ್ನು ತಪ್ಪಾಗಿ ಓದಿಕೊಂಡೆವು. ಹತ್ತು ವರ್ಷದಿಂದ ಓಡುತ್ತಾ, ಹೊಸಬರನ್ನು ವಾರಕ್ಕೊಮ್ಮೆ ಜೊತೆಯಲ್ಲಿ ಓಡಿಸುತ್ತಾ ಬಂದಿರುವ ನಾನೇ ಎಲ್ಲರಿಗಿಂತ ಹೆಚ್ಚು ತಪ್ಪಾಗಿ ಓದಿಕೊಂಡೆ. ಹೆಸರು ಹಾಕುವುದು ಬೇಡ, ಮಿಕ್ಕಿದ್ದೆಲ್ಲ ಬರಿ ಎಂದು ಅತ್ತಿಗೆ ಒಪ್ಪಿಗೆ ಕೊಟ್ಟಿದ್ದಾರೆ.

ಅವರಿಗೆ ಆಗ 46 ವರ್ಷ. ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಇಬ್ಬರು ಮಕ್ಕಳು, ನನ್ನಣ್ಣ, ನಮ್ಮಮ್ಮ, ಇವರೆಲ್ಲರ ತಿಂಡಿ, ಊಟ, ಡಬ್ಬಿ ಅವರ ಕೈಯಲ್ಲೇ. ಶಾಲೆಯಲ್ಲಿ ಓದುವಾಗ ಖೋಖೋ ಆಡುತ್ತಿದ್ದರಂತೆ. ಅಶ್ವಿನಿ ನಾಚಪ್ಪ ಓಡುವ ಫೋಟೋ ಪೇಪರಿನಲ್ಲಿ ಬಂದರೆ ಕತ್ತರಿಸಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಳ್ಳುತ್ತಿದ್ದ ಹುಡುಗಿ. ಮದುವೆಯಾದ ಮೇಲೆ ಓಡಿದ್ದೆಂದರೆ ಬಸ್ಸು ಹಿಡಿಯುವುದಕ್ಕೆ ಮಾತ್ರ.

ಜನವರಿಯಲ್ಲಿ ಶುರು ಮಾಡಿದೆವು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ, ವಾರಕ್ಕೆ ಮೂರು ದಿನ. ಮಾರ್ಚಿನಲ್ಲಿ ಐದು ಕಿಲೋಮೀಟರ್, ಮೇನಲ್ಲಿ ಹತ್ತು. ಆ ಹತ್ತನ್ನು 1 ಗಂಟೆ 28 ನಿಮಿಷದಲ್ಲಿ ಮುಗಿಸಿದ ದಿನ ಮನೆಗೆ ಬಂದು ಶಾವಿಗೆ ಪಾಯಸ ಮಾಡಿದ್ದರು. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು. ಜೂನಿನಿಂದ ಇಳಿಮುಖ.

ಎಲ್ಲರ ಬಳಿಯೂ ಒಂದೊಂದು ಕಾರಣ ಸಿದ್ಧವಿತ್ತು. ಅಣ್ಣ, “ವಯಸ್ಸು ಅಂತ ಒಂದು ಇರುತ್ತಲ್ಲ” ಅಂದ. ಸ್ಟಾಫ್ ರೂಮಿನಲ್ಲಿ, “ಮೇಡಂ, ಇಷ್ಟೆಲ್ಲ ಯಾಕೆ ಬೇಕು, ವಾಕಿಂಗ್ ಸಾಕು” ಅಂದರಂತೆ. ಅಮ್ಮ ದೃಷ್ಟಿ ತೆಗೆದರು. ನಾನು, ಅಡಿಪಾಯ ಸಾಲದು ಎಂದು ತೀರ್ಮಾನಿಸಿ ಅಭ್ಯಾಸ ಜಾಸ್ತಿ ಮಾಡಿಸಿದೆ. ಗುರುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದೆ. ಸಾವಿರ ಚಿಲ್ಲರೆ ಮೆಟ್ಟಿಲಲ್ಲಿ ದೊಡ್ಡ ನಂದಿಯವರೆಗೆ ಹೇಗೋ ಬಂದು ಅಲ್ಲೇ ಕಲ್ಲಿನ ಮೇಲೆ ಕೂತರು. ಮುಖ ಸುಣ್ಣ ಬಳಿದ ಹಾಗಿತ್ತು, ತುಟಿಗೆ ಬಣ್ಣವೇ ಇರಲಿಲ್ಲ. ಅದನ್ನು ಕಣ್ಣಾರೆ ನೋಡಿಯೂ, “ಪರವಾಗಿಲ್ಲ ಅತ್ತಿಗೆ, ಎರಡು ವಾರದಲ್ಲಿ ಒಗ್ಗುತ್ತೆ” ಎಂದವಳು ನಾನು.

ಇನ್ನೊಂದು ಸುಳಿವು ಗಡಿಯಾರದಲ್ಲೇ ಇತ್ತು. ಏಪ್ರಿಲಿನ ಬಿಸಿಲಿನಲ್ಲಿ ಕಿಲೋಮೀಟರಿಗೆ ಎಂಟೂಮುಕ್ಕಾಲು ನಿಮಿಷದ ಲೆಕ್ಕದಲ್ಲಿ ಓಡುವಾಗ ಅವರ ಎದೆಬಡಿತ ನಿಮಿಷಕ್ಕೆ 152ರ ಆಸುಪಾಸು ಇತ್ತು. ಜುಲೈನ ತಣ್ಣನೆಯ ಮೋಡದಲ್ಲಿ, ಅದೇ ವೇಗಕ್ಕೆ, 170. ಅಭ್ಯಾಸ ಮಾಡುತ್ತಾ ಹೋದ ಹಾಗೆ ಅದೇ ವೇಗಕ್ಕೆ ಬಡಿತ ಕಡಿಮೆಯಾಗಬೇಕು. ಆರು ತಿಂಗಳು ತಪ್ಪದೆ ಓಡಿದವರಿಗೆ ಅದು ಏರಿದೆ ಎಂದರೆ ಒಳಗೆ ಏನೋ ಕೆಟ್ಟಿದೆ ಎಂದು ಅರ್ಥ. ನಾನು ಗಡಿಯಾರದ ಬೆಲ್ಟು ಸಡಿಲ ಇದ್ದಿರಬೇಕು ಅಂದುಕೊಂಡೆ.

ಗೊತ್ತಾಗಿದ್ದು ಅಡುಗೆಮನೆಯಲ್ಲಿ. ಆ ಭಾನುವಾರ ಸಂಜೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಅತ್ತಿಗೆ ಕಲ್ಲು ಆರಿಸುತ್ತಿದ್ದರು. ಎಡಗೈ ಅಕ್ಕಿ ಸರಿಸುತ್ತಿತ್ತು. ಬಲಗೈ ಆಗೊಮ್ಮೆ ಈಗೊಮ್ಮೆ ಎರಡು ಬೆರಳಲ್ಲಿ ಚಿಟಿಕೆ ಅಕ್ಕಿ ತೆಗೆದು ಬಾಯಿಗೆ ಹಾಕುತ್ತಿತ್ತು. ಕಟುಂ ಕಟುಂ ಎಂದು ಸದ್ದು. ಮಾತಾಡುತ್ತಲೇ ಇದ್ದರು, ಕೈ ತನ್ನಷ್ಟಕ್ಕೆ ತಾನು ಹೋಗಿ ಬರುತ್ತಿತ್ತು. “ಹಸಿ ಅಕ್ಕಿ ತಿಂದ್ರೆ ಮದುವೇಲಿ ಮಳೆ ಬರುತ್ತೆ ಅಂತಾರೆ, ಇವಳ ಮದುವೇಲಿ ಬಂದಿದ್ದೂ ಆಯ್ತು, ಇನ್ನೂ ಬಿಟ್ಟಿಲ್ಲ ನೋಡು” ಎಂದರು ಅಮ್ಮ. ಅತ್ತಿಗೆ ನಕ್ಕರು. ನಾನು ನಗಲಿಲ್ಲ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸು, ಇಂಥವನ್ನು ತಿನ್ನಲೇಬೇಕೆಂಬ ಚಪಲ ಕಬ್ಬಿಣದ ಕೊರತೆಯ ಗುರುತುಗಳಲ್ಲಿ ಒಂದು ಎಂದು ಯಾವಾಗಲೋ ಓದಿದ್ದು ಆ ಕ್ಷಣ ನೆನಪಾಯಿತು.

“ಯಾವಾಗಿಂದ ಅತ್ತಿಗೆ?”

“ಏನು, ಅಕ್ಕಿನಾ? ಒಂದು ವರ್ಷ ಆಗಿರಬಹುದು. ಸ್ಕೂಲಲ್ಲಿ ಚಾಕ್‌ಪೀಸ್ ವಾಸನೆ ಕೂಡ ಬೇಕು ಬೇಕು ಅನ್ಸುತ್ತೆ.”

ಅಮ್ಮ ಎದ್ದು ಹೋದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಉತ್ತರ ಬರುವುದಕ್ಕೆ ಸ್ವಲ್ಪ ಹೊತ್ತಾಯಿತು. ಒಂದು ವರ್ಷದಿಂದ ಮುಟ್ಟು ಒಂಬತ್ತು ಹತ್ತು ದಿನ. ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕು, ಗಟ್ಟಿಯಾಗಿ ಹೆಪ್ಪುಹೆಪ್ಪಾಗಿ ಹೋಗುತ್ತದೆ. ಆ ದಿನಗಳಲ್ಲಿ ಶಾಲೆಗೆ ಕಪ್ಪು ಅಥವಾ ಕಡು ನೀಲಿ ಸೀರೆಯೇ. ಒಂದು ಪೀರಿಯಡ್ ಮುಗಿದು ಇನ್ನೊಂದಕ್ಕೆ ಹೋಗುವ ಮಧ್ಯೆ ಟಾಯ್ಲೆಟ್ಟಿಗೆ ಓಡಬೇಕು. ಯಾರಿಗೂ ಹೇಳಿರಲಿಲ್ಲ. “ನಿಲ್ಲೋ ವಯಸ್ಸಲ್ಲಿ ಎಲ್ಲರಿಗೂ ಹೀಗೇ ಅಂತೆ ಕಣೇ. ನಮ್ಮಮ್ಮನಿಗೂ ಹೀಗೇ ಆಗಿತ್ತು” ಅಂದರು.

ಮಾರನೇ ದಿನ ರಕ್ತ ಕೊಟ್ಟೆವು. ಹಿಮೋಗ್ಲೋಬಿನ್ 8.7. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ದೇಹದ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ 5. ಉಗ್ರಾಣ ಗುಡಿಸಿದ ಹಾಗೆ ಖಾಲಿ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಒಂದು ಫೈಬ್ರಾಯ್ಡ್ ಗಡ್ಡೆ ಕಾಣಿಸಿತು. ಹೆದರುವಂಥದ್ದಲ್ಲ, ಆದರೆ ಅಷ್ಟೊಂದು ರಕ್ತ ಹೋಗುತ್ತಿದ್ದುದಕ್ಕೆ ಅದೇ ಕಾರಣ ಎಂದು ಡಾಕ್ಟರು ಹೇಳಿ, ರಕ್ತಸ್ರಾವ ಹಿಡಿತಕ್ಕೆ ಬರಲು ಬೇರೆ ಮಾತ್ರೆ, ಕಬ್ಬಿಣಕ್ಕೆ ಬೇರೆ ಮಾತ್ರೆ ಬರೆದುಕೊಟ್ಟರು. ಓಟವನ್ನು ಆರು ವಾರ ಪೂರ್ತಿ ನಿಲ್ಲಿಸಿ, ನಿಧಾನಕ್ಕೆ ನಡೆಯಿರಿ ಅಂದರು.

ಉಸಿರಿನಲ್ಲಿ ಎಳೆದುಕೊಂಡ ಆಮ್ಲಜನಕವನ್ನು ಸ್ನಾಯುಗಳಿಗೆ ಹೊತ್ತುಕೊಂಡು ಹೋಗುವುದು ಹಿಮೋಗ್ಲೋಬಿನ್. ಹೊರುವ ಗಾಡಿಗಳೇ ಕಡಿಮೆಯಾದರೆ ಇರುವ ಗಾಡಿಗಳು ಹೆಚ್ಚು ಸಲ ಓಡಾಡಬೇಕು. ಹಾಗಾಗಿ ಅದೇ ವೇಗಕ್ಕೆ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ. 152 ಹೋಗಿ 170 ಆಗಿದ್ದು ಹೀಗೆ. ಒಂದು ಗಂಟೆ ಚಿಲ್ಲರೆ ಹೇಗೋ ತಳ್ಳಿಕೊಂಡು ಬರುತ್ತಿದ್ದ ದೇಹ, ಹನ್ನೆರಡನೇ ಕಿಲೋಮೀಟರಿನ ಹೊತ್ತಿಗೆ ಕೈಚೆಲ್ಲುತ್ತಿತ್ತು. ನಾವು ಅದಕ್ಕೆ ಛಲ ಸಾಲದು ಎಂದು ಹೆಸರಿಟ್ಟಿದ್ದೆವು. 8.7 ಇಟ್ಟುಕೊಂಡು ಬೆಳಿಗ್ಗೆ ನಾಲ್ಕೂಕಾಲಿಗೆ ಎದ್ದು ಅಡುಗೆ ಮಾಡಿ, ಓಡಿ, ಆರು ಪೀರಿಯಡ್ ನಿಂತು ಪಾಠ ಮಾಡುತ್ತಿದ್ದವರ ಛಲದ ಬಗ್ಗೆ!

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಈ ಅಂಕಿಗಳನ್ನು ನಾನು ಮೊದಲೇ ಓದಿದ್ದೆ. ಓಡಲು ಬರುವ ಹೆಂಗಸರಿಗೆ ಶೂ, ಸಾಕ್ಸ್, ಮಂಡಿ ನೋವು, ಬಿಪಿ, ಶುಗರ್ ಎಲ್ಲ ಕೇಳುತ್ತಿದ್ದೆ. ಇದೊಂದನ್ನು ಒಮ್ಮೆಯೂ ಕೇಳಿರಲಿಲ್ಲ.

ಚಿಕಿತ್ಸೆಯ ಭಾಗದಲ್ಲಿ ನಮ್ಮ ಮನೆಗೆ ಕಷ್ಟವಾಗಿದ್ದು ಮಾತ್ರೆಯಲ್ಲ, ಕಾಫಿ. ಅತ್ತಿಗೆ ತಿಂಡಿ ತಿಂದ ಕೈ ತೊಳೆಯುವ ಮೊದಲೇ ಕಾಫಿ ಲೋಟ ಹಿಡಿಯುವವರು, ಊಟವಾದ ಮೇಲೆ ಟೀ. ಕಾಫಿ, ಟೀಗಳಲ್ಲಿರುವ ಒಗರಿನ ಅಂಶ ಊಟದಲ್ಲಿನ ಕಬ್ಬಿಣವನ್ನು ಕಟ್ಟಿಹಾಕಿಬಿಡುತ್ತದೆ, ಮೈಗೆ ಸೇರಗೊಡುವುದಿಲ್ಲ. ಊಟದ ಜೊತೆ ಕುಡಿದರೂ ಅಷ್ಟೇ, ಆದ ಒಂದು ಗಂಟೆಗೆ ಕುಡಿದರೂ ಅಷ್ಟೇ. ಒಂದು ಗಂಟೆ ಮೊದಲು ಕುಡಿದರೆ ತೊಂದರೆಯಿಲ್ಲ. ಹಾಗಾಗಿ ಕಾಫಿ ಬಿಡಿಸಲಿಲ್ಲ, ಎದ್ದ ತಕ್ಷಣಕ್ಕೆ ಜರುಗಿಸಿದೆವು. ಮಾತ್ರೆ ರಾತ್ರಿ ಮಲಗುವ ಮುಂಚೆ, ದಿನ ಬಿಟ್ಟು ದಿನ, ಅರ್ಧ ಹೋಳು ನಿಂಬೆ ಹಿಂಡಿದ ನೀರಿನ ಜೊತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾತ್ರೆಯ ದಿನಕ್ಕೆ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದರು. ಗಣಿತದ ಮೇಷ್ಟ್ರಲ್ಲವೇ, ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಬೀಟ್‌ರೂಟ್ ತಿಂದರೆ ರಕ್ತವಾಗುತ್ತದೆ ಎಂದು ಅಮ್ಮ ದಿನಾ ಪಲ್ಯ ಮಾಡತೊಡಗಿದರು. ಅದರಲ್ಲಿ ಬಣ್ಣವಿರುವಷ್ಟು ಕಬ್ಬಿಣವಿಲ್ಲ, ನೂರು ಗ್ರಾಮಿಗೆ ಒಂದು ಮಿಲಿಗ್ರಾಮೂ ಸಿಗುವುದಿಲ್ಲ. ಅಮ್ಮನ ಪ್ರೀತಿಗೆ ಅಡ್ಡ ಬರಬಾರದೆಂದು ಅದನ್ನೂ ತಿಂದರು, ಜೊತೆಗೆ ಮೊಳಕೆ ಹುರುಳಿ, ಸೊಪ್ಪು, ಮೇಲೆ ನಿಂಬೆರಸ. ಆದರೆ ಈ ಮಟ್ಟಕ್ಕೆ ಇಳಿದ ಮೇಲೆ ಊಟ ಒಂದರಿಂದಲೇ ಮೇಲೆ ಬರುವುದು ಆಗದ ಮಾತು. ಮಾತ್ರೆ ಬೇಕೇ ಬೇಕು, ಅದೂ ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಅವರು ಹೇಳಿದಷ್ಟು ಕಾಲ.

ಡಾಕ್ಟರು ಕೇಳಿದ್ದ ಇನ್ನೊಂದು ಪ್ರಶ್ನೆ: ಎಷ್ಟು ಹೊತ್ತು ಮಲಗುತ್ತೀರಿ? ಹನ್ನೊಂದಕ್ಕೆ ಪಾತ್ರೆ ಮುಗಿಸಿ ಮಲಗಿ ನಾಲ್ಕೂಕಾಲಿಗೆ ಏಳುತ್ತಿದ್ದರು. ಐದು ಗಂಟೆ ಕಾಲು. ಆ ರಾತ್ರಿ ನಾನು ಅಣ್ಣನನ್ನು ಕೂರಿಸಿಕೊಂಡು ರಿಪೋರ್ಟಿನ ಎರಡು ಸಾಲು ಓದಿ ಹೇಳಿದೆ. ಅವನು ತುಂಬಾ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದ. “ನಂಗೆ ಗೊತ್ತೇ ಆಗ್ಲಿಲ್ಲವಲ್ಲೇ” ಅಂದ. ಮಾರನೇ ದಿನದಿಂದ ಬೆಳಗಿನ ಡಬ್ಬಿ ಅವನ ಪಾಲಿಗೆ ಬಂತು. ಮೊದಲ ವಾರ ಪೂರ್ತಿ ಚಿತ್ರಾನ್ನ. ಆಮೇಲೆ ಚಪಾತಿಯೂ ಕಲಿತ. ರಾತ್ರಿಯ ಪಾತ್ರೆ ಮಕ್ಕಳಿಗೆ. ಅತ್ತಿಗೆಗೆ ದಿನಕ್ಕೆ ಏಳು ಗಂಟೆ ನಿದ್ದೆ ಸಿಕ್ಕಿತು. ಮದುವೆಯಾದ ಮೇಲೆ ಇಷ್ಟು ಮಲಗಿದ್ದು ಬಾಣಂತನದಲ್ಲೂ ಇಲ್ಲ ಎಂದರು.

ಮೂರನೇ ವಾರಕ್ಕೆ ಅಕ್ಕಿ ತಿನ್ನುವುದು ತಾನಾಗಿಯೇ ನಿಂತಿತ್ತು. ಆಗಸ್ಟ್ ಕೊನೆಗೆ ಹಿಮೋಗ್ಲೋಬಿನ್ 10.6. ಡಾಕ್ಟರು ಓಡಬಹುದು ಅಂದರು. ಅಕ್ಟೋಬರ್ ಮೊದಲ ವಾರ 11.9.

ಸೆಪ್ಟೆಂಬರಿನಿಂದ ಎರಡನೇ ಸಲ ಶುರು. ಕೈಯಲ್ಲಿ ಹದಿನಾಲ್ಕು ವಾರ ಇತ್ತು. ಈ ಸಲ ಬೆಟ್ಟವಿಲ್ಲ, ವೇಗದ ಅಭ್ಯಾಸವಿಲ್ಲ. ವಾರಕ್ಕೆ ಮೂರು ಓಟ, ಅದರಲ್ಲಿ ಒಂದು ಉದ್ದದ್ದು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹೀಗೆ ಓಟದ ಮಧ್ಯೆ ಲೆಕ್ಕ ಹಾಕಿ ನಡೆಯುವ ಪದ್ಧತಿಯನ್ನು ಜನಪ್ರಿಯ ಮಾಡಿದ್ದು 1972ರ ಒಲಿಂಪಿಕ್ಸಿನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ. ಸೋತು ನಡೆಯುವುದು ಬೇರೆ, ಸೋಲದಿರಲಿ ಎಂದು ಮೊದಲ ಹತ್ತು ನಿಮಿಷದಿಂದಲೇ ನಡೆಯುವುದು ಬೇರೆ. ಮೊದಮೊದಲು ಅತ್ತಿಗೆಗೆ ಅದು ಅವಮಾನ ಅನ್ನಿಸುತ್ತಿತ್ತು. “ಹಿಂದಿಂದ ಬಂದೋರೆಲ್ಲ ಮುಂದೆ ಹೋಗ್ತಿದಾರೆ” ಅನ್ನುತ್ತಿದ್ದರು.

ವೇಗ ಹದದಲ್ಲಿದೆಯೇ ಎಂದು ನೋಡುವುದಕ್ಕೆ ಗಡಿಯಾರ ಬಿಟ್ಟು ಮಗ್ಗಿ ಹಿಡಿದುಕೊಂಡೆವು. ಓಡುತ್ತಾ ಹದಿಮೂರರ ಮಗ್ಗಿಯನ್ನು ಉಸಿರು ಕಟ್ಟದೆ ಹೇಳಬೇಕು. ಮಧ್ಯೆ ಎಳೆದುಕೊಂಡರೆ ವೇಗ ಹೆಚ್ಚಾಯಿತು ಎಂದು ಲೆಕ್ಕ. ಕೆರೆ ಏರಿಯ ಮೇಲೆ ವಾಕಿಂಗ್ ಬರುವ ಹಿರಿಯರು, ಕುರ್ತಾ ತೊಟ್ಟು ಮಗ್ಗಿ ಹೇಳುತ್ತಾ ಓಡುವ ಹೆಂಗಸನ್ನು ಮೊದಲ ವಾರ ನಿಂತು ನೋಡಿದರು. ಮೂರನೇ ವಾರಕ್ಕೆ ಒಬ್ಬರು ತಾವೇ “ಹದಿಮೂರೆಂಟ್ಲ?” ಎಂದು ಕೂಗಿ ಕೇಳತೊಡಗಿದರು. “ನೂರಾ ನಾಕು ಸಾರ್!” ಅನ್ನುತ್ತಾ ಇವರು ಮುಂದೆ ಹೋಗುತ್ತಿದ್ದರು.

ಉದ್ದದ ಓಟ ಆರು ಕಿಲೋಮೀಟರಿನಿಂದ ಏಳು, ಒಂಬತ್ತು, ಹತ್ತಕ್ಕೆ ಬಂತು. ದಸರಾ ವಾರ ಮನೆಯಲ್ಲಿ ಗೊಂಬೆ ಕೂರಿಸಿದ್ದರಿಂದ ಅಭ್ಯಾಸ ಅರ್ಧಕ್ಕರ್ಧ ತಪ್ಪಿತು. ತಪ್ಪಿದ್ದನ್ನು ಮುಂದಿನ ವಾರ ತುಂಬಿಸಲು ಹೋಗಲಿಲ್ಲ. ಆಮೇಲೆ ಹನ್ನೊಂದು, ಹದಿಮೂರು. ಆ ಹದಿಮೂರರ ದಿನ ನನಗೆ ಒಳಗೊಳಗೇ ಅಳುಕಿತ್ತು. ಜುಲೈನಲ್ಲಿ ಅವರು ಬಗ್ಗಿ ನಿಂತಿದ್ದ ಜಾಗ ಬಂತು. ಅತ್ತಿಗೆ ನೀರಿನ ನಡುವಿನ ಮರದ ಮೇಲೆ ಸಾಲಾಗಿ ಕೂತಿದ್ದ ಹೆಜ್ಜಾರ್ಲೆಗಳನ್ನು ತೋರಿಸಿ, ಒಂದರ ಕೊಕ್ಕಿನ ಚೀಲದ ಬಗ್ಗೆ ಏನೋ ಹೇಳುತ್ತಾ ದಾಟಿಹೋದರು. ಅವರಿಗೆ ಆ ಜಾಗ ನೆನಪೂ ಆಗಲಿಲ್ಲ. ಗಡಿಯಾರದಲ್ಲಿ ಬಡಿತ 148.

ನವೆಂಬರಿನಲ್ಲಿ ಹದಿನಾರು, ಕೊನೆಯದಾಗಿ ಹದಿನೆಂಟು. ಹಾಫ್ ಮ್ಯಾರಥಾನಿಗೆ ಮೊದಲು ಇಪ್ಪತ್ತೊಂದನ್ನು ಒಮ್ಮೆ ಓಡಿ ನೋಡಿಬಿಡಬೇಕೆಂದು ಹಲವರು ಹಟ ಹಿಡಿಯುತ್ತಾರೆ. ಮೊದಲನೇ ಸಲದವರಿಗೆ ಅದು ಬೇಡ, ಹದಿನೆಂಟು ಧಾರಾಳ. ಆ ಹದಿನೆಂಟರಲ್ಲಿ ಎರಡು ಪಾಠ ಸಿಕ್ಕಿತು. ಕಂಕುಳ ಹತ್ತಿರ ಬಟ್ಟೆ ಉಜ್ಜಿ ಗಾಯವಾಗಿತ್ತು, ಆಮೇಲಿಂದ ಅಲ್ಲಿಗೆ ವ್ಯಾಸಲೀನ್. ಹೆಬ್ಬೆರಳ ಉಗುರು ಕಪ್ಪಾಗಿತ್ತು, ಹಾಗಾಗಿ ಅರ್ಧ ಸೈಜು ದೊಡ್ಡ ಶೂ. ಎರಡು ವಾರ ಮುಂಚೆಯೇ ಕೊಂಡು ಪಳಗಿಸಿಕೊಂಡರು.

ಓಟದ ದಿನ ಮೂರೂವರೆಗೆ ಎದ್ದು ಕಾಫಿ, ಆಮೇಲೆ ಎರಡು ಇಡ್ಲಿ, ಒಂದು ಏಲಕ್ಕಿ ಬಾಳೆ. ಅಭ್ಯಾಸದ ದಿನಗಳಲ್ಲಿ ತಿಂದಿದ್ದೇ, ಹೊಸದೇನೂ ಇಲ್ಲ. ಸೊಂಟದ ಪುಟ್ಟ ಚೀಲದಲ್ಲಿ ಬೀಜ ತೆಗೆದ ಖರ್ಜೂರ, ನಾಲ್ಕು ತುಂಡು ಬೆಲ್ಲ, ಕೈಯಲ್ಲಿ ನಿಂಬೆ, ಉಪ್ಪು, ಸಕ್ಕರೆ ಬೆರೆಸಿದ ಅರ್ಧ ಲೀಟರ್ ಬಾಟಲಿ. ದೇಹದಲ್ಲಿ ಕೂಡಿಟ್ಟ ಸಕ್ಕರೆ ಮೂರು ಗಂಟೆಯ ಓಟಕ್ಕೆ ಸಾಲುವುದಿಲ್ಲ, ಅರ್ಧ ಗಂಟೆಗೊಮ್ಮೆ ಬಾಯಿಗೆ ಏನಾದರೂ ಹಾಕುತ್ತಿರಬೇಕು.

ಆರು ಗಂಟೆಗೆ ಓಟ ಶುರುವಾಯಿತು. ಎಲ್ಲರೂ ನುಗ್ಗಿಕೊಂಡು ಮುಂದೆ ಹೋದರು. ನಾವು ಕೊನೆಯ ಇಪ್ಪತ್ತು ಜನರಲ್ಲಿದ್ದೆವು, ಹಿಂದೆ ಆಂಬುಲೆನ್ಸ್ ಬರುವ ಸದ್ದು ಕೇಳುತ್ತಿತ್ತು. ಐದು ಕಿಲೋಮೀಟರಿಗೆ 43 ನಿಮಿಷ, ಹತ್ತಕ್ಕೆ 1 ಗಂಟೆ 25 ನಿಮಿಷ. ಅಷ್ಟು ಹೊತ್ತಿಗೆ, ಮೊದಲು ನುಗ್ಗಿದವರಲ್ಲಿ ಅನೇಕರು ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು.

ಹದಿಮೂರನೇ ಕಿಲೋಮೀಟರಿನ ನೀರಿನ ಟೇಬಲ್ಲಿನಲ್ಲಿ ನೀರಿರಲಿಲ್ಲ. ತುಳಿದು ಚಪ್ಪಟೆಯಾದ ಪೇಪರ್ ಲೋಟಗಳು, ಖಾಲಿ ಕ್ಯಾನುಗಳು, “ಸಾರಿ ಆಂಟಿ” ಎನ್ನುತ್ತಾ ನಿಂತಿದ್ದ ಇಬ್ಬರು ಕಾಲೇಜು ಹುಡುಗರು. ಇದು ನನಗೆ ಬಹಳ ನೋವಿನ ವಿಷಯ. ಮುಂದೆ ಓಡುವವರು ಒಂದೂವರೆ ಗಂಟೆಯಲ್ಲಿ ಮುಗಿಸಿ ನೆರಳು ಸೇರುತ್ತಾರೆ. ಬಿಸಿಲೇರಿದ ಮೇಲೂ ರಸ್ತೆಯಲ್ಲಿರುವವರು ನಿಧಾನದವರು, ಮೊದಲ ಸಲದವರು, ವಯಸ್ಸಾದವರು. ನೀರು ಹೆಚ್ಚು ಬೇಕಾದ್ದು ಅವರಿಗೆ, ಖಾಲಿಯಾಗುವುದೂ ಅವರ ಪಾಲಿಗೇ. ಕೊಂಡೊಯ್ದ ಬಾಟಲಿ ಅಂದು ಕೆಲಸಕ್ಕೆ ಬಂತು. ಇದರ ಇನ್ನೊಂದು ಬದಿಯನ್ನೂ ಹೇಳಬೇಕು: ಹೆದರಿಕೊಂಡು ಸಿಕ್ಕ ಸಿಕ್ಕಲ್ಲಿ ಬರೀ ನೀರು ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿಬಿಡುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಬಾಯಾರಿದಾಗ, ಬಾಯಾರಿದಷ್ಟು ಕುಡಿಯುವುದು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು.

ಹದಿನೈದಕ್ಕೆ 2 ಗಂಟೆ 7 ನಿಮಿಷ. ಹದಿನೇಳರ ಬೋರ್ಡು ದಾಟುವಾಗ ಅತ್ತಿಗೆ ಮಾತು ನಿಲ್ಲಿಸಿಬಿಟ್ಟಿದ್ದರು. “ಹದಿನೇಳರ ಮಗ್ಗಿ ಹೇಳಿ ಅತ್ತಿಗೆ” ಅಂದೆ.

“ಹದಿನೇಳೊಂದ್ಲ ಹದಿನೇಳು… ಹದಿನೇಳಾರ್ಲ ನೂರಾ ಎರಡು, ಹದಿನೇಳೇಳ್ಲ ನೂರಾ ಹತ್ತೊಂಬತ್ತು, ಹದಿನೇಳೆಂಟ್ಲ… ನೂರಾ ಇಪ್ಪತ್ತಾರು.”

ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟವರ ಬಾಯಲ್ಲಿ ಆ ತಪ್ಪು. ಉಸಿರು ಸರಿಯಾಗೇ ಇತ್ತು, ತಲೆಗೆ ಸಕ್ಕರೆ ಸಾಲುತ್ತಿರಲಿಲ್ಲ. ಹದಿಮೂರರ ಗಲಾಟೆಯಲ್ಲಿ ಒಂದು ಸಲದ ಖರ್ಜೂರ ಮರೆತಿದ್ದೆವು. ಅಲ್ಲೇ ನಡೆಯುತ್ತಾ ಎರಡು ಖರ್ಜೂರ, ಒಂದು ತುಂಡು ಬೆಲ್ಲ, ಎರಡು ಗುಟುಕು ನಿಂಬೆನೀರು ಕೊಟ್ಟೆ. ಬೆಲ್ಲ ಬಾಯಲ್ಲಿ ಕರಗಿಸಿಕೊಳ್ಳುತ್ತಾ ಕಣ್ಣು ಅರೆ ಮುಚ್ಚಿ ನಡೆದರು. ಹತ್ತು ನಿಮಿಷ ಕಳೆದಿರಬೇಕು, ನಾನೇನೂ ಕೇಳದೆಯೇ, “ನೂರಾ ಮೂವತ್ತಾರು ಕಣೇ! ಏನಂದೆ ನಾನು ಆಗಲೇ?” ಎಂದು ನನ್ನ ಭುಜ ತಟ್ಟಿ ಓಡತೊಡಗಿದರು.

ಇಪ್ಪತ್ತೊಂದರ ಬೋರ್ಡು ಬಂದಾಗ ಮುಗಿಯಿತು ಅಂದುಕೊಂಡರು. ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್, ಇನ್ನೂ 97 ಮೀಟರ್ ಚಿಲ್ಲರೆ ಬಾಕಿ. ಆ ಕೊನೆಯ ತುಂಡಿನಲ್ಲಿ ಕಂಬಿಯಾಚೆ ಅಣ್ಣ ನಿಂತಿದ್ದ, ಮಗಳು ಮೊಬೈಲ್ ಹಿಡಿದಿದ್ದಳು. ಅಮ್ಮ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಸಮಯ 3 ಗಂಟೆ 1 ನಿಮಿಷ 12 ಸೆಕೆಂಡ್. ಪದಕ ಕೊರಳಿಗೆ ಬಿದ್ದ ಮೇಲೆ ಅತ್ತಿಗೆ ಮೊದಲು ಕೇಳಿದ್ದು ಉಪ್ಪು ಹಾಕಿದ ಮಜ್ಜಿಗೆ.

ಫೈಬ್ರಾಯ್ಡ್ ಹಾಗೇ ಇದೆ, ಆರು ತಿಂಗಳಿಗೊಮ್ಮೆ ನೋಡಿಸಬೇಕು. ಮುಟ್ಟು ಐದಾರು ದಿನಕ್ಕೆ ಇಳಿದಿದೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಉಗ್ರಾಣ ತುಂಬಲು ಇನ್ನೂ ಮೂರು ತಿಂಗಳು ಮಾತ್ರೆ ಮುಂದುವರಿಸಿದರು. ಜನವರಿಯಲ್ಲಿ ಫೆರಿಟಿನ್ 34.

ಫೆಬ್ರವರಿಯಲ್ಲಿ ನಮ್ಮ ಹೊಸ ತಂಡಕ್ಕೆ ಏಳೆಂಟು ಹೆಂಗಸರು ಬಂದರು. ಶೂ ನೋಡುವುದು, ಮಂಡಿ ನೋವು ಕೇಳುವುದು ನನ್ನ ಪಾಲು. ಅತ್ತಿಗೆ ಒಬ್ಬೊಬ್ಬರನ್ನೇ ಕೆರೆಯ ಕಡೆಗೆ ನಾಲ್ಕು ಹೆಜ್ಜೆ ಕರೆದುಕೊಂಡು ಹೋಗಿ ಮೆಲ್ಲನೆ ಮಾತಾಡಿಸುತ್ತಿದ್ದರು. ಮೂವತ್ತರ ಆಸುಪಾಸಿನ ಒಬ್ಬ ಹುಡುಗಿ ಕಲ್ಲುಬೆಂಚಿನ ಮೇಲೆ ಕಾಲಿಟ್ಟು ಲೇಸು ಕಟ್ಟುತ್ತಿದ್ದಳು.

“ಹಸಿ ಅಕ್ಕಿ ಗಿಕ್ಕಿ ತಿನ್ನಬೇಕು ಅನ್ಸುತ್ತೇನಮ್ಮಾ?” ಎಂದು ಅತ್ತಿಗೆ ಕೇಳಿದರು.

ಅವಳು ಲೇಸು ಬಿಟ್ಟು ತಲೆಯೆತ್ತಿ, “ನಿಮಗೆ ಹೇಗೆ ಗೊತ್ತಾಯ್ತು ಮೇಡಂ?” ಅಂದಳು.